‘ಹ್ಯಾಡ್’ ಎಲ್ಲಿ ನಿಂತು ಹಿಂದೆ ನೋಡುತ್ತದೆ?

ಪರಿಚಯದ ಹುಡುಗಿಯೊಬ್ಬಳು ಕೆಲಸಕ್ಕೆ ಅರ್ಜಿ ಬರೆದು, ‘ಒಂದ್ಸಲ ನೋಡಿಕೊಡಿ ಸರ್’ ಎಂದು ತಂದುಕೊಟ್ಟಳು. ಇಂಗ್ಲಿಷ್ ಚೆನ್ನಾಗಿತ್ತು, ಸ್ಪೆಲ್ಲಿಂಗ್ ತಪ್ಪು ಒಂದೂ ಇರಲಿಲ್ಲ. ಆದರೆ ಮೊದಲ ಪ್ಯಾರಾದಲ್ಲೇ ನಾಲ್ಕು ಸಲ ‘ಹ್ಯಾಡ್’ ಬಂದಿತ್ತು. ‘ಐ ಹ್ಯಾಡ್ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2021.’ ‘ಐ ಹ್ಯಾಡ್ ಜಾಯಿನ್ಡ್ ಎ ಕಂಪ್ಯೂಟರ್ ಕೋರ್ಸ್.’ ಹೀಗೇ ಮುಂದೆ. ಇಷ್ಟೊಂದು ಹ್ಯಾಡ್ ಯಾಕಮ್ಮ ಎಂದು ಕೇಳಿದೆ. ‘ಎಲ್ಲಾ ಮುಗಿದುಹೋದ ವಿಷಯ ಅಲ್ವಾ ಸರ್, ಅದಕ್ಕೇ’ ಎಂದಳು.

ಇಂಗ್ಲಿಷ್ ಪಾಠ ಹೇಳಲು ಶುರುಮಾಡಿದಂದಿನಿಂದ ಈ ಉತ್ತರವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವಳು ಯೋಚಿಸಿಯೇ ಬರೆದಿದ್ದಳು. ಯೋಚನೆ ಮಾತ್ರ ಕನ್ನಡದ್ದಾಗಿತ್ತು. ಸಿಂಪಲ್ ಪಾಸ್ಟ್ ಎಲ್ಲಿ, ಹ್ಯಾಡ್ ಬರುವ ಪಾಸ್ಟ್ ಪರ್ಫೆಕ್ಟ್ ಎಲ್ಲಿ ಎಂಬ ಗೊಂದಲದಲ್ಲಿ ಅರ್ಧ ಪಾಲು ಶಾಲೆಯಲ್ಲಿ ಅರೆಬರೆ ಕಲಿತ ನಿಯಮದ್ದು, ಇನ್ನರ್ಧ ನಮ್ಮ ಭಾಷೆಯ ಒಂದು ಸೊಗಸಾದ ರೂಪದ್ದು. ಎರಡನ್ನೂ ಬಿಡಿಸಿ ನೋಡಿದರೆ ಭಯ ತಾನಾಗಿ ಇಳಿಯುತ್ತದೆ.

ತಪ್ಪು ಕಲ್ಪನೆ: ತುಂಬಾ ಹಿಂದೆ ನಡೆದದ್ದಾದರೆ ‘ಹ್ಯಾಡ್’ ಹಾಕಬೇಕು

ಡೈನೋಸಾರ್‌ಗಳು ಅಳಿದುಹೋಗಿ ಸುಮಾರು 6.6 ಕೋಟಿ ವರ್ಷವಾಯಿತು. ಅದಕ್ಕೆ ಇಂಗ್ಲಿಷಿನಲ್ಲಿ ‘ದ ಡೈನೋಸಾರ್ಸ್ ಡೈಡ್ ಔಟ್’ ಎಂದರೆ ಸಾಕು. ಅಶೋಕ ಆಳಿದ್ದು ಕ್ರಿ.ಪೂ. 3ನೇ ಶತಮಾನದಲ್ಲಿ. ಅಲ್ಲಿಯೂ ಬರಿಯ ‘ರೂಲ್ಡ್’. ಈಗ ಇಂದು ಬೆಳಗಿನ ಮಾತು ತೆಗೆದುಕೊಳ್ಳಿ. ಎಂಟು ಗಂಟೆಯ ಬಸ್ಸಿಗೆಂದು ಓಡಿದಿರಿ. ನಿಲ್ದಾಣ ಮುಟ್ಟುವಾಗ ಎಂಟು ಗಂಟೆ ಎರಡು ನಿಮಿಷ, ಬಸ್ಸಿಲ್ಲ. ‘ವೆನ್ ಐ ರೀಚ್ಡ್ ದ ಸ್ಟಾಪ್, ದ ಬಸ್ ಹ್ಯಾಡ್ ಲೆಫ್ಟ್.’ ಎರಡು ನಿಮಿಷದ ಹಿಂದೆ ಹೊರಟ ಬಸ್ಸಿಗೆ ಹ್ಯಾಡ್ ಬೇಕು, ಕೋಟಿ ವರ್ಷಗಳ ಹಿಂದಿನ ಪ್ರಾಣಿಗೆ ಬೇಡ. ಅಂದಮೇಲೆ ಸಂಗತಿ ಎಷ್ಟು ಹಳತು ಎಂಬುದಕ್ಕೂ ಹ್ಯಾಡ್‌ಗೂ ಸಂಬಂಧವಿಲ್ಲ.

ಹಾಗಾದರೆ ಯಾವುದಕ್ಕೆ ಸಂಬಂಧ? ಇದನ್ನು ನನಗೆ ತಿಳಿದಮಟ್ಟಿಗೆ ಅತ್ಯಂತ ಸರಳವಾಗಿ ಹೇಳಿದವನು ವ್ಯಾಕರಣಕಾರನಲ್ಲ, ತತ್ವಶಾಸ್ತ್ರಜ್ಞ. ಜರ್ಮನಿಯಲ್ಲಿ ಹುಟ್ಟಿ ಕೊನೆಗೆ ಅಮೆರಿಕದಲ್ಲಿ ನೆಲೆಸಿದ ಹಾನ್ಸ್ ರೈಖನ್‌ಬಾಖ್ 1947ರಲ್ಲಿ ತರ್ಕಶಾಸ್ತ್ರದ ಪುಸ್ತಕವೊಂದರಲ್ಲಿ ಕ್ರಿಯಾಪದದ ಕಾಲಗಳ ಬಗ್ಗೆ ಕೆಲವೇ ಪುಟ ಬರೆದ. ಕಾಲ ಎಂದರೆ ಎರಡು ಬಿಂದು ಸಾಲದು, ಮೂರು ಬೇಕು ಎಂಬುದು ಅವನ ವಾದ. ಮಾತಾಡುತ್ತಿರುವ ಹೊತ್ತು ಒಂದು, ಸಂಗತಿ ನಡೆದ ಹೊತ್ತು ಒಂದು, ನಾವು ಎಲ್ಲಿ ನಿಂತು ಆ ಸಂಗತಿಯನ್ನು ನೋಡುತ್ತೇವೋ ಆ ಹೊತ್ತು ಇನ್ನೊಂದು. ‘ದ ಬಸ್ ಲೆಫ್ಟ್’ ಎಂದಾಗ ನೋಡುವ ಹೊತ್ತೂ ಬಸ್ ಹೊರಟ ಹೊತ್ತೂ ಒಂದೇ. ಮನಸ್ಸು ಬಸ್ಸಿನ ಪಕ್ಕದಲ್ಲೇ ನಿಂತಿದೆ. ‘ದ ಬಸ್ ಹ್ಯಾಡ್ ಲೆಫ್ಟ್’ ಎಂದಾಗ ಮನಸ್ಸು ನಿಂತಿರುವುದು ಖಾಲಿ ನಿಲ್ದಾಣದಲ್ಲಿ, ಎಂಟು ಗಂಟೆ ಎರಡು ನಿಮಿಷದಲ್ಲಿ. ಅಲ್ಲಿಂದ ತಿರುಗಿ ಹಿಂದೆ ನೋಡುತ್ತಿದೆ.

ನಾನು ತರಗತಿಯಲ್ಲಿ ಹೇಳುವುದು ಇಷ್ಟನ್ನೇ. ಹ್ಯಾಡ್‌ಗೆ ನಿಲ್ಲಲು ಜಾಗ ಬೇಕು, ಆ ಜಾಗವೂ ಭೂತಕಾಲದಲ್ಲೇ ಇರಬೇಕು. ಜಾಗ ತೋರಿಸದೆ ಹ್ಯಾಡ್ ಬಳಸಿದರೆ ಓದುವವರು ಕಾಯುತ್ತಾ ಕೂರುತ್ತಾರೆ: ಸರಿ, ಯಾವುದಕ್ಕಿಂತ ಮೊದಲು? ‘ಐ ಹ್ಯಾಡ್ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2021’ ಎಂಬಲ್ಲಿ ಆಗುವುದು ಇದೇ. ಮುಂದೆ ಏನೋ ಬರಲಿದೆ ಎಂದು ಓದುಗ ಕಾದ, ಏನೂ ಬರಲಿಲ್ಲ.

ಪರ್ಫೆಕ್ಟ್ ಎಂಬ ಹೆಸರೂ ದಾರಿ ತಪ್ಪಿಸುತ್ತದೆ. ಲ್ಯಾಟಿನ್ ವ್ಯಾಕರಣದಿಂದ ಬಂದ ಹೆಸರು ಅದು. ಪಾಸ್ಟ್ ಪರ್ಫೆಕ್ಟ್‌ಗೆ ಲ್ಯಾಟಿನ್ ವ್ಯಾಕರಣಕಾರರು ಇಟ್ಟ ಹೆಸರಿನ ಅರ್ಥ ‘ಮುಗಿದದ್ದಕ್ಕಿಂತಲೂ ಹೆಚ್ಚು ಮುಗಿದದ್ದು’ ಎಂದಾಗುತ್ತದೆ. ಹೆಸರು ಕೇಳಿದವರು ಮುಗಿದದ್ದಕ್ಕೆಲ್ಲ ಅದನ್ನು ಅಂಟಿಸಿದರೆ ಅವರನ್ನು ಬೈಯುವುದು ಹೇಗೆ? ಆದರೆ ‘ಲೆಫ್ಟ್’ ಎಂದರೂ ಬಸ್ ಹೊರಟು ಮುಗಿದಿದೆ, ‘ಹ್ಯಾಡ್ ಲೆಫ್ಟ್’ ಎಂದರೂ ಮುಗಿದಿದೆ. ಅದಲ್ಲದೆ ಹ್ಯಾಡ್ ಇದ್ದೂ ಮುಗಿಯದ ಸಂಗತಿಗಳಿವೆ. ‘ವೆನ್ ಐ ಮೆಟ್ ಹರ್ ಫಾದರ್, ಐ ಹ್ಯಾಡ್ ನೋನ್ ಹರ್ ಫಾರ್ ಟೆನ್ ಇಯರ್ಸ್.’ ಅವಳ ತಂದೆಯನ್ನು ಕಂಡ ದಿನ ಅವಳ ಪರಿಚಯವೇನೂ ಕಡಿದುಹೋಗಲಿಲ್ಲ.

ತಪ್ಪು ಕಲ್ಪನೆ: ‘ಹೋಗಿದ್ದೆ’ ಅಂದರೆ ‘ಹ್ಯಾಡ್ ಗಾನ್’

ಎಲ್ಲಕ್ಕಿಂತ ಆಳಕ್ಕೆ ಬೇರು ಬಿಟ್ಟಿರುವ ತಪ್ಪು ಇದು. ಇಲ್ಲಿ ತಪ್ಪಿತಸ್ಥರು ಯಾರೂ ಅಲ್ಲ, ನಮ್ಮ ಭಾಷೆಯ ಸೂಕ್ಷ್ಮವೇ ಕಾರಣ.

ಹೊರಗೆ ಹೋಗಿದ್ದ ಮಗ ಮನೆಗೆ ಬರುತ್ತಾನೆ. ಅಡುಗೆಮನೆಯಿಂದ ಅಮ್ಮ ಹೇಳುತ್ತಾಳೆ: ‘ನಿನ್ನ ಕೇಳಿಕೊಂಡು ಯಾರೋ ಬಂದಿದ್ದಾರೆ.’ ಮಗ ಅಂಗಿ ಸರಿಮಾಡಿಕೊಂಡು ನಡುಮನೆಗೆ ಹೋಗುತ್ತಾನೆ, ಏಕೆಂದರೆ ಬಂದವರು ಅಲ್ಲೇ ಕೂತಿದ್ದಾರೆ. ಅದೇ ಅಮ್ಮ ‘ಯಾರೋ ಬಂದಿದ್ದರು’ ಎಂದಿದ್ದರೆ? ಮಗ ಚಪ್ಪಲಿ ಬಿಟ್ಟು ಸುಮ್ಮನೆ ಕೂರುತ್ತಾನೆ. ಬಂದವರು ಹೊರಟುಹೋಗಿದ್ದಾರೆ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಇನ್ನು ‘ಯಾರೋ ಬಂದರು’ ಎಂದರೆ ಈಗ ತಾನೇ ಗೇಟು ಸದ್ದಾಯಿತು, ಹೋಗಿ ನೋಡು ಎಂದರ್ಥ. ಒಂದು ‘ಬಾ’ ಧಾತು, ಮೂರು ರೂಪ, ಮನೆಯ ಮೂರು ಬೇರೆ ಬೇರೆ ಸ್ಥಿತಿ.

‘ಬಂದು’ ಮತ್ತು ‘ಇದ್ದರು’ ಸೇರಿ ‘ಬಂದಿದ್ದರು’ ಆಗಿದೆ. ಬಂದು ಇದ್ದರು, ಈಗ ಇಲ್ಲ. ಈ ರೂಪ ಹೇಳುವುದು ಆ ಸಂಗತಿ ಮತ್ತು ಅದರ ಫಲ ಎರಡೂ ಈ ಕ್ಷಣಕ್ಕೆ ಕಟ್ಟುಬಿದ್ದಿಲ್ಲ ಎಂಬುದನ್ನು. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂದರೆ ಹೋಗಿ ಬಂದೂ ಆಯಿತು. ಧಾರವಾಡದ ಕಡೆಯವರು ‘ನಿನ್ನಿ ಹುಬ್ಬಳ್ಳಿಗೆ ಹೋಗಿದ್ನಿ’ ಎಂದರೂ ಅದೇ ಭಾವ. ‘ಮೂರು ವರ್ಷದ ಹಿಂದೆ ಒಂದು ಸೈಟು ತಗೊಂಡಿದ್ದೆ’ ಎಂದು ಯಾರಾದರೂ ಮಾತು ತೆಗೆದರೆ, ಅದೀಗ ಕೈಯಲ್ಲಿಲ್ಲವೋ, ಇಲ್ಲ ಅದರ ಬಗ್ಗೆ ಮುಂದೇನೋ ಹೇಳಲಿದ್ದಾರೋ ಎಂದು ಕೇಳುವವರ ಕಿವಿ ನೆಟ್ಟಗಾಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದೇ ವಿಷಯ. ಕನ್ನಡದ ‘ಹೋಗಿದ್ದೆ’ ಈಗ, ಇಲ್ಲಿ ನಿಂತು ಹಿಂದೆ ನೋಡಬಲ್ಲದು. ಅದಕ್ಕೆ ಭೂತಕಾಲದಲ್ಲಿ ಇನ್ನೊಂದು ನಿಲ್ದಾಣ ಬೇಕಿಲ್ಲ. ಇಂಗ್ಲಿಷಿನ ‘ಹ್ಯಾಡ್ ಗಾನ್’ಗೆ ಆ ಸ್ವಾತಂತ್ರ್ಯವಿಲ್ಲ, ಅದು ಅಂದಿನ ಒಂದು ಹೊತ್ತಿನಲ್ಲಿ ನಿಂತೇ ನೋಡಬೇಕು. ಆದ್ದರಿಂದ ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದಕ್ಕೆ ಸರಿಯಾದ ಇಂಗ್ಲಿಷ್ ‘ಐ ವೆಂಟ್ ಟು ಮೈಸೂರು ಯೆಸ್ಟರ್‌ಡೇ.’ ವಾಪಸ್ ಬಂದಿರಿ ಎಂಬ ಸೂಚನೆ ಕಳೆದುಹೋಯಿತೇ ಎಂದು ಚಿಂತೆ ಬೇಡ. ಎದುರಿಗೆ ನಿಂತು ಮಾತಾಡುತ್ತಿದ್ದೀರಲ್ಲ. ಅಮ್ಮನ ‘ಬಂದಿದ್ದರು’ ಇಂಗ್ಲಿಷಿನಲ್ಲಿ ‘ಸಂಬಡಿ ಕೇಮ್ ಟು ಸೀ ಯು’ ಆಗುತ್ತದೆ. ಬಂದವರು ಹೋದರು ಎಂಬುದನ್ನು ಬೇಕಿದ್ದರೆ ಬೇರೆ ಮಾತಿನಲ್ಲೇ ಹೇಳಬೇಕು. ಕನ್ನಡ ಒಂದು ಪದದಲ್ಲಿ ಹೇಳಿಬಿಡುವುದನ್ನು ಹೇಳಲು ಇಂಗ್ಲಿಷಿಗೆ ಇನ್ನೊಂದು ವಾಕ್ಯ ಬೇಕಾಗುತ್ತದೆ. ನನಗೆ ಇದು ಹೆಮ್ಮೆಯ ಸಂಗತಿ.

ಈ ಎರಡು ರೂಪಗಳು ಪೂರ್ತಿ ಬೇರೆಯಾಗಿದ್ದರೆ ನಾವು ಎಡವುತ್ತಲೇ ಇರಲಿಲ್ಲ. ಕಷ್ಟವೆಂದರೆ ಅರ್ಧ ಜಾಗದಲ್ಲಿ ಅವು ಒಂದೇ. ‘ನಾನು ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿತ್ತು’ ಎಂಬುದು ಅಕ್ಷರಶಃ ‘ದ ಟ್ರೇನ್ ಹ್ಯಾಡ್ ಲೆಫ್ಟ್.’ ಇಲ್ಲಿ ಕನ್ನಡವೂ ಅಂದಿನ ಪ್ಲಾಟ್‌ಫಾರ್ಮಿನಲ್ಲಿ ನಿಂತೇ ನೋಡುತ್ತದೆ. ಶಾಲೆಯಲ್ಲಿ ಈ ಉದಾಹರಣೆ ಕಲಿತ ಮಗು, ‘ಹೊರಟುಹೋಗಿತ್ತು’ ಹ್ಯಾಡ್ ಆದರೆ ‘ಹೋಗಿದ್ದೆ’ಯೂ ಹ್ಯಾಡ್ ಎಂದುಕೊಳ್ಳುತ್ತದೆ. ಆ ಮಗುವಿನ ತರ್ಕದಲ್ಲಿ ದೋಷವಿಲ್ಲ. ಹಿಂದಿ ಮಾತಾಡುವವರೂ ತಮ್ಮ ‘ಗಯಾ ಥಾ’ದಿಂದ ಇದೇ ದಾರಿಯಲ್ಲಿ ‘ಹ್ಯಾಡ್ ಗಾನ್’ಗೆ ಬಂದು ಸೇರುತ್ತಾರೆ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ನೋಡಬಾರದು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಪುಸ್ತಕದಲ್ಲಿ ವಾದಿಸಿದರು. ‘ಹೋಗಿದ್ದೆ’ಗೆ ಪಾಸ್ಟ್ ಪರ್ಫೆಕ್ಟ್ ಎಂಬ ಇಂಗ್ಲಿಷ್ ಚೀಟಿ ಅಂಟಿಸುವಾಗಲೂ ಅದೇ ಎಚ್ಚರ ಬೇಕು ಎಂದು ನನಗೆ ಅನ್ನಿಸುತ್ತದೆ.

ಆಫೀಸುಗಳಲ್ಲಿ ದಿನಕ್ಕೆ ಹತ್ತು ಸಲ ಕಾಣುವ ವಾಕ್ಯವೊಂದಿದೆ: ‘ಐ ಹ್ಯಾಡ್ ಸೆಂಟ್ ಯು ಎ ಮೇಲ್ ಯೆಸ್ಟರ್‌ಡೇ.’ ಅದರ ಹಿಂದಿರುವುದು ‘ಸರ್, ನಿನ್ನೆ ಒಂದು ಮೇಲ್ ಕಳಿಸಿದ್ದೆ’ ಎಂಬ ನಮ್ಮ ವಿನಯ. ‘ಕಳಿಸಿದೆ’ ಎಂದರೆ ಬರಿಯ ವರದಿ, ‘ಕಳಿಸಿದ್ದೆ’ ಎಂದರೆ ಉತ್ತರ ಇನ್ನೂ ಬಂದಿಲ್ಲ ಎಂಬ ಮೆಲುವಾದ ನೆನಪೋಲೆ. ನಮ್ಮವರ ನಡುವೆ ಈ ಹ್ಯಾಡ್ ಆ ವಿನಯವನ್ನು ಹೊತ್ತುಕೊಂಡೇ ಓಡಾಡುತ್ತದೆ, ಎಲ್ಲರಿಗೂ ಅರ್ಥವಾಗುತ್ತದೆ. ಭಾರತದ ಇಂಗ್ಲಿಷಿನ ಒಂದು ಗುಣವಿದು ಎಂದು ಭಾಷಾವಿಜ್ಞಾನಿಗಳೇ ಗುರುತಿಸಿದ್ದಾರೆ. ಆದರೆ ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಕೂತು ಓದುವವರಿಗೆ ಆ ವಿನಯ ತಲುಪುವುದಿಲ್ಲ. ‘ಕಳಿಸಿದ್ದೆ, ಆಮೇಲೆ ಏನೋ ಬದಲಾಯಿತು’ ಎಂದು ಅವರು ಓದಿಕೊಳ್ಳಬಹುದು. ಅವರಿಗೆ ‘ಐ ಸೆಂಟ್ ಯು ಎ ಮೇಲ್ ಯೆಸ್ಟರ್‌ಡೇ’ ಎಂದು ಬರೆಯಿರಿ. ವಿನಯ ಬೇಕಿದ್ದರೆ ಮುಂದಿನ ವಾಕ್ಯದಲ್ಲಿ ಬರಲಿ.

ಪೇಪರಿನಲ್ಲಿ ‘ದ ಮಿನಿಸ್ಟರ್ ಹ್ಯಾಡ್ ಸೆಡ್ ಲಾಸ್ಟ್ ವೀಕ್’ ಎಂದು ಓದಿದ್ದೇವಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಆ ವರದಿಯ ಮೊದಲ ಸಾಲಿಗೆ ಹೋಗಿ ನೋಡಿ. ಅಲ್ಲಿ ನಿನ್ನೆ ನಡೆದ ಯಾವುದೋ ಘಟನೆ ಇರುತ್ತದೆ. ವರದಿಗಾರ ಆ ನಿನ್ನೆಯಲ್ಲಿ ನಿಂತು ಕಳೆದ ವಾರದತ್ತ ನೋಡುತ್ತಿದ್ದಾನೆ. ಅವನಿಗೆ ಜಾಗ ಸಿಕ್ಕಿದೆ, ಆದ್ದರಿಂದ ಹ್ಯಾಡ್ ಸರಿ.

ತಪ್ಪು ಕಲ್ಪನೆ: ಎರಡು ಕ್ರಿಯೆಗಳಿದ್ದರೆ ಮೊದಲನೆಯದಕ್ಕೆ ‘ಹ್ಯಾಡ್’ ಕಡ್ಡಾಯ

‘ದ ಪೇಷೆಂಟ್ ಹ್ಯಾಡ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್.’ ಈ ರೋಗಿ ನಮ್ಮ ಎಷ್ಟು ತಲೆಮಾರುಗಳ ನೋಟ್‌ಬುಕ್ಕಿನಲ್ಲಿ ತೀರಿಕೊಂಡಿದ್ದಾನೋ! ವಾಕ್ಯ ಸರಿಯಾಗಿಯೇ ಇದೆ. ಅದರಿಂದ ನಾವು ಹಿಂಡಿಕೊಂಡ ನಿಯಮ ಮಾತ್ರ ಸರಿಯಲ್ಲ.

ನಡೆದ ಕ್ರಮದಲ್ಲೇ ಹೇಳುತ್ತಾ ಹೋದರೆ ಹ್ಯಾಡ್ ಬೇಕಾಗುವುದೇ ಇಲ್ಲ. ‘ಎದ್ದು, ಕಾಫಿ ಕುಡಿದು, ಕೆಲಸಕ್ಕೆ ಹೊರಟ’ ಎಂದು ನಾವು ಪೋಣಿಸಿದಂತೆ ‘ಹಿ ಗಾಟ್ ಅಪ್, ಡ್ರ್ಯಾಂಕ್ ಕಾಫಿ ಅಂಡ್ ಲೆಫ್ಟ್ ಫಾರ್ ವರ್ಕ್.’ ಮೂರು ಕ್ರಿಯೆ, ಒಂದೂ ಹ್ಯಾಡ್ ಇಲ್ಲ. ‘ಬಿಫೋರ್’, ‘ಆಫ್ಟರ್’ ಎಂಬ ಪದಗಳು ಇದ್ದಾಗಲೂ ಮುಂಚೆ ಯಾವುದು, ಆಮೇಲೆ ಯಾವುದು ಎಂಬ ಕೆಲಸವನ್ನು ಆ ಪದಗಳೇ ಮಾಡುತ್ತವೆ. ‘ದ ಪೇಷೆಂಟ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್’ ಎಂದು ಬರೆದ ವಿದ್ಯಾರ್ಥಿಯ ಅಂಕ ಕತ್ತರಿಸುವುದು ಅನ್ಯಾಯ. ಅಂಥ ಕೆಂಪು ಗೆರೆಗಳನ್ನು ನಾನು ಉತ್ತರಪತ್ರಿಕೆಗಳಲ್ಲಿ ಕಂಡು ನೊಂದಿದ್ದೇನೆ.

ಹ್ಯಾಡ್‌ನ ನಿಜವಾದ ಬೆಲೆ ತಿಳಿಯುವುದು ‘ವೆನ್’ ಬಂದಾಗ. ‘ವೆನ್’ ಎಂಬುದು ನಮ್ಮ ‘ಆಗ’ದ ಹಾಗೆ, ಮುಂಚೆ ಆಮೇಲೆ ಎರಡನ್ನೂ ಅದು ಹೇಳುವುದಿಲ್ಲ. ‘ನಾನು ಬಂದಾಗ ಅವನು ಎದ್ದು ಹೋದ’ ಎಂದರೆ ನನ್ನನ್ನು ಕಂಡು ಎದ್ದುಹೋದ. ‘ನಾನು ಬಂದಾಗ ಅವನು ಎದ್ದು ಹೋಗಿದ್ದ’ ಎಂದರೆ ಕುರ್ಚಿ ಖಾಲಿ ಇತ್ತು, ಮುಖ ಮುಖ ನೋಡಲೇ ಇಲ್ಲ. ‘ವೆನ್ ಐ ಕೇಮ್, ಹಿ ಲೆಫ್ಟ್’ ಮತ್ತು ‘ವೆನ್ ಐ ಕೇಮ್, ಹಿ ಹ್ಯಾಡ್ ಲೆಫ್ಟ್’ ಇವುಗಳ ನಡುವೆ ಇರುವುದೂ ಇದೇ ದೂರ. ಒಂದು ಸ್ನೇಹ ಮುರಿದ ಕತೆ ಆಗಬಹುದು, ಇನ್ನೊಂದು ಬರಿಯ ತಡವಾದ ಕತೆ.

ಚರಿತ್ರೆ ಬರೆಯುವಾಗ ಈ ಒಂದು ಪದ ಸತ್ಯವನ್ನೇ ತಿರುಗಿಸಿಬಿಡಬಲ್ಲದು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಆಗ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್. 1912ರಲ್ಲಿ ದಿವಾನರಾದರು, 1918ರವರೆಗೆ ಆ ಹುದ್ದೆಯಲ್ಲಿದ್ದರು. ಕಟ್ಟೆ ಪೂರ್ತಿಯಾದದ್ದು 1930ರ ದಶಕದ ಮೊದಲ ವರ್ಷಗಳಲ್ಲಿ. ಈಗ ಒಬ್ಬ ವಿದ್ಯಾರ್ಥಿ ‘ವೆನ್ ದ ಡ್ಯಾಮ್ ವಾಸ್ ಕಂಪ್ಲೀಟೆಡ್, ವಿಶ್ವೇಶ್ವರಯ್ಯ ಲೆಫ್ಟ್ ಆಫೀಸ್’ ಎಂದು ಬರೆದ ಎನ್ನಿ. ಕಟ್ಟೆ ಮುಗಿಸಿ, ಕೈತೊಳೆದುಕೊಂಡು, ಅಧಿಕಾರ ಬಿಟ್ಟರು ಎಂದಾಯಿತು. ‘ಹ್ಯಾಡ್ ಲೆಫ್ಟ್’ ಎಂದು ಬರೆದರೆ ನಿಜ ಉಳಿಯುತ್ತದೆ: ಕಟ್ಟೆ ಎದ್ದು ನಿಂತ ದಿನ ಅವರು ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಇಂಥ ಕಡೆ ನಾನು ಹ್ಯಾಡ್‌ನ ಬಗ್ಗೆ ಬಹಳ ಬಿಗಿ. ಬೇಡದ ಕಡೆ ಅದನ್ನು ಹೊಡೆದುಹಾಕುವ ನನ್ನ ಪೆನ್ನು ಇಲ್ಲಿ ಸೇರಿಸಲೇಬೇಕು ಎನ್ನುತ್ತದೆ.

‘ಮೊದಲು ನಡೆದದ್ದಕ್ಕೆ ಹ್ಯಾಡ್’ ಎಂಬ ಸೂತ್ರವನ್ನು ಮುರಿಯುವ ಒಂದು ವಾಕ್ಯವನ್ನೂ ಇಲ್ಲಿ ಇಡುತ್ತೇನೆ. ‘ಶೀ ಲೆಫ್ಟ್ ದ ಹಾಲ್ ಬಿಫೋರ್ ಶೀ ಹ್ಯಾಡ್ ಫಿನಿಶ್ಡ್ ದ ಪೇಪರ್.’ ಉತ್ತರ ಬರೆದು ಮುಗಿಸುವ ಮುಂಚೆಯೇ ಪರೀಕ್ಷೆಯ ಹಾಲಿನಿಂದ ಎದ್ದು ಹೋದಳು. ಮೊದಲು ನಡೆದದ್ದು ಹೊರಗೆ ಹೋದದ್ದು, ಅದಕ್ಕೆ ಸಿಂಪಲ್ ಪಾಸ್ಟ್. ಮುಗಿಸುವುದು ನಡೆಯಲೇ ಇಲ್ಲ, ಅದಕ್ಕೆ ಹ್ಯಾಡ್. ಇದು ಶುದ್ಧ, ಸಹಜ ಇಂಗ್ಲಿಷ್. ಪೇಪರು ಮುಗಿದಿರಬೇಕಾದ ಒಂದು ಹೊತ್ತನ್ನು ಊಹಿಸಿ, ಅಲ್ಲಿ ನಿಂತು ಮಾತಾಡುತ್ತಿದ್ದೇವೆ. ಸೂತ್ರ ಬಾಯಿಪಾಠ ಮಾಡಿದವರು ಈ ವಾಕ್ಯದೆದುರು ತಬ್ಬಿಬ್ಬಾಗುತ್ತಾರೆ. ಜಾಗ ಹುಡುಕಲು ಕಲಿತವರಿಗೆ ಏನೂ ತೊಡಕಿಲ್ಲ.

ತಪ್ಪು ಕಲ್ಪನೆ: ಒಬ್ಬರ ಮಾತನ್ನು ವರದಿ ಮಾಡುವಾಗ ಪ್ರತಿ ಭೂತಕಾಲವೂ ‘ಹ್ಯಾಡ್’ ಆಗಬೇಕು

ಡೈರೆಕ್ಟ್ ಇಂಡೈರೆಕ್ಟ್ ಪಾಠದ ಕೋಷ್ಟಕದಲ್ಲಿ ಎಡಗಡೆ ಸಿಂಪಲ್ ಪಾಸ್ಟ್, ಬಲಗಡೆ ಪಾಸ್ಟ್ ಪರ್ಫೆಕ್ಟ್ ಎಂದು ಬಾಣ ಹಾಕಿರುತ್ತಾರೆ. ಬಹಳ ಕಡೆ ಆ ಬಾಣ ಸರಿಯೇ. ‘ಶೀ ಸೆಡ್ ಶೀ ಹ್ಯಾಡ್ ಸೀನ್ ದ ಫಿಲ್ಮ್’ ಎಂಬಲ್ಲಿ ಹ್ಯಾಡ್ ಇಲ್ಲದಿದ್ದರೆ ಅರ್ಥ ಸಡಿಲವಾಗುತ್ತದೆ. ಆದರೆ ‘ನಾನು 1975ರಲ್ಲಿ ಹುಟ್ಟಿದೆ’ ಎಂದವನ ಮಾತನ್ನು ‘ಹಿ ಸೆಡ್ ಹಿ ಹ್ಯಾಡ್ ಬೀನ್ ಬಾರ್ನ್ ಇನ್ 1975’ ಎಂದು ಬರೆಯುವ ಅಗತ್ಯವಿಲ್ಲ. ‘ವಾಸ್ ಬಾರ್ನ್’ ಸಾಕು. ಇಸವಿಯೇ ಹೊತ್ತನ್ನು ಕಟ್ಟಿಹಾಕಿದೆ, ಯಾರಿಗೂ ಅನುಮಾನ ಬರುವುದಿಲ್ಲ. ಕನ್ನಡದಲ್ಲಿ ನಾವು ‘ಅಂತ’ ಹಾಕಿ ಅವನ ಮಾತನ್ನು ಅವನ ಕಾಲದಲ್ಲೇ ಬಿಟ್ಟುಬಿಡುತ್ತೇವೆ, ‘ಸಿನಿಮಾ ನೋಡಿದೆ ಅಂತ ಹೇಳಿದಳು’. ನಮ್ಮ ಮಕ್ಕಳಿಗೆ ಈ ಬಾಣದ ಪಾಠ ಕೃತಕವಾಗಿ ಕಾಣುವುದು ಇದೇ ಕಾರಣಕ್ಕೆ ಇರಬೇಕು.

ವರದಿಯ ಮಾತು ಬಿಟ್ಟು ಹ್ಯಾಡ್‌ನ ಇನ್ನೆರಡು ಬಳಕೆ ನೋಡೋಣ. ‘ಹ್ಯಾಡ್ ಹ್ಯಾಡ್’ ತಪ್ಪು ಎಂದು ಹಲವರು ಒಂದನ್ನು ಹೊಡೆದುಹಾಕುತ್ತಾರೆ. ತಪ್ಪಲ್ಲ. ‘ಶೀ ಹ್ಯಾಡ್ ಹ್ಯಾಡ್ ಫೀವರ್ ಫಾರ್ ಟೂ ಡೇಸ್ ವೆನ್ ದ ಡಾಕ್ಟರ್ ಸಾ ಹರ್.’ ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು ಜ್ವರ ‘ಇತ್ತು’ ಎಂಬ ಮುಖ್ಯ ಕ್ರಿಯಾಪದ.

‘ಇಫ್’ ಜೊತೆಗೆ ಬರುವ ಹ್ಯಾಡ್‌ನದು ಬೇರೆಯೇ ಕೆಲಸ. ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್’ ಎಂಬಲ್ಲಿ ಅದು ಮುಂಚೆ ನಡೆದದ್ದನ್ನು ಹೇಳುತ್ತಿಲ್ಲ, ನಡೆಯದೇ ಹೋದದ್ದನ್ನು ಹೇಳುತ್ತಿದೆ. ನಮ್ಮಲ್ಲೂ ‘ಗೊತ್ತಿದ್ದಿದ್ದರೆ ಬರ್ತಿದ್ದೆ’ ಎನ್ನುತ್ತೇವೆ. ‘ಇದ್ದ’ದ ಮೇಲೆ ಇನ್ನೊಂದು ‘ಇದ್ದ’ ಹೇರಿ ಆ ಸಂಗತಿಯನ್ನು ಕೈಗೆಟುಕದಷ್ಟು ದೂರ ತಳ್ಳುತ್ತೇವೆ. ಇಲ್ಲಿ ಎರಡು ಭಾಷೆಗಳೂ ಒಂದೇ ರೀತಿ ಯೋಚಿಸುತ್ತವೆ, ಕನ್ನಡದ ಕಿವಿಯನ್ನು ನಂಬಬಹುದು.

ತಪ್ಪು ಕಲ್ಪನೆ: ಒಮ್ಮೆ ‘ಹ್ಯಾಡ್’ ಶುರುಮಾಡಿದರೆ ಕೊನೆತನಕ ಎಳೆಯಬೇಕು

ಅನುವಾದ ಮಾಡುವವರಿಗೂ ಕತೆ ಬರೆಯುವವರಿಗೂ ಇದು ಬಹಳ ಕಾಡುತ್ತದೆ. ಕತೆಯ ನಡುವೆ ಹಳೆಯ ನೆನಪೊಂದು ಬಂತು, ಎರಡು ಪುಟ ಉದ್ದವಿದೆ. ನಿಯಮ ಪಾಲಿಸುವ ಭರದಲ್ಲಿ ಪ್ರತಿ ವಾಕ್ಯಕ್ಕೂ ಹ್ಯಾಡ್ ಬಡಿಯುತ್ತಾರೆ. ಓದುವವರ ಉಸಿರು ಕಟ್ಟುತ್ತದೆ. ಇಂಗ್ಲಿಷಿನ ಒಳ್ಳೆಯ ಕತೆಗಾರರು ಹಾಗೆ ಮಾಡುವುದಿಲ್ಲ. ಮೊದಲ ಒಂದೆರಡು ವಾಕ್ಯಗಳಲ್ಲಿ ಹ್ಯಾಡ್ ಬಳಸಿ ಓದುಗರನ್ನು ಆ ಹಳೆಯ ಕಾಲದೊಳಕ್ಕೆ ಕರೆದೊಯ್ಯುತ್ತಾರೆ. ಒಳಗೆ ಕಾಲಿಟ್ಟ ಮೇಲೆ ಸಿಂಪಲ್ ಪಾಸ್ಟ್‌ನಲ್ಲಿ ನಿರಾಳವಾಗಿ ನಡೆಯುತ್ತಾರೆ. ಹೊರಗೆ ಬರುವಾಗ ಕೆಲವರು ಇನ್ನೊಂದು ಹ್ಯಾಡ್ ಹಾಕುತ್ತಾರೆ, ಕೆಲವರು ‘ನೌ’ ಎಂಬ ಒಂದೇ ಪದದಿಂದ ಕೆಲಸ ಮುಗಿಸುತ್ತಾರೆ.

ಅಜ್ಜಿ ಕತೆ ಹೇಳುವಾಗ ಕಿವಿಗೊಟ್ಟರೆ ಈ ಕಲೆ ಅಲ್ಲೂ ಸಿಗುತ್ತದೆ. ‘ಆಕೆ ಈ ಊರಿಗೆ ಮದುವೆಯಾಗಿ ಬಂದಿದ್ದಳು. ಕೈಯಲ್ಲಿ ಒಂದು ಟ್ರಂಕು ಬಿಟ್ಟರೆ ಏನೂ ಇರಲಿಲ್ಲ. ಬಂದ ವರ್ಷವೇ ಮಳೆ ಕೈಕೊಟ್ಟಿತು. ಎಮ್ಮೆ ಮಾರಿದಳು, ಹೊಲ ಉಳಿಸಿಕೊಂಡಳು.’ ಮೊದಲ ವಾಕ್ಯದಲ್ಲಿ ಮಾತ್ರ ‘ಬಂದಿದ್ದಳು’. ಆಮೇಲೆ ಕೈಕೊಟ್ಟಿತು, ಮಾರಿದಳು, ಉಳಿಸಿಕೊಂಡಳು. ಇದನ್ನು ಇಂಗ್ಲಿಷಿಗೆ ತರುವವರು ‘ಹ್ಯಾಡ್ ಕಮ್’ ಎಂದು ಒಮ್ಮೆ ಬರೆದು, ಮುಂದೆ ‘ಫೇಲ್ಡ್’, ‘ಸೋಲ್ಡ್’, ‘ಸೇವ್ಡ್’ ಎಂದು ಸಾಗಿದರೆ ಸಾಕು.

ಅರ್ಜಿ ತಂದಿದ್ದ ಹುಡುಗಿಗೆ ನಾನು ವ್ಯಾಕರಣದ ಹೆಸರುಗಳನ್ನು ಹೇಳಲಿಲ್ಲ. ಪ್ರತಿ ಹ್ಯಾಡ್‌ನ ಮುಂದೆ ಬೆರಳಿಟ್ಟು, ‘ಇಲ್ಲಿ ಎಲ್ಲಿ ನಿಂತಿದ್ದೀಯ?’ ಎಂದು ಕೇಳುತ್ತಾ ಹೋದೆ. ಮೊದಲ ಮೂರಕ್ಕೆ ‘ಇವತ್ತಿನಲ್ಲೇ ಸರ್’ ಎಂದಳು, ತಾನೇ ಹೊಡೆದುಹಾಕಿದಳು. ನಾಲ್ಕನೆಯದು ಹೀಗಿತ್ತು: ‘ಬೈ ದ ಟೈಮ್ ಐ ಜಾಯಿನ್ಡ್ ದ ಫರ್ಮ್, ಐ ಹ್ಯಾಡ್ ಲರ್ನ್ಡ್ ಟ್ಯಾಲಿ.’ ಅದರ ಮೇಲೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದಳು. ‘ಕೆಲಸಕ್ಕೆ ಸೇರಿದ ದಿನದಲ್ಲಿ ನಿಂತಿದ್ದೀನಿ ಸರ್, ಇದಿರಲಿ’ ಎಂದು ಪೆನ್ನು ಕೆಳಗಿಟ್ಟಳು.